ಕಿವಿಗೊಂದು ಹಾಡು, ದಾರಿಗೊಂದು ಕಿವಿ

ಬೆಳಿಗ್ಗೆ ಎಂಟರ ಹೊತ್ತಿಗೆ ವಸ್ತಾರೆಯ ಬಸ್ ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಬೇಕು. ಚಿಕ್ಕಮಗಳೂರಿನ ಕಾಲೇಜುಗಳಿಗೆ ಹೊರಟ ಹುಡುಗ ಹುಡುಗಿಯರು ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ ಹಿಡಿದು ನಿಂತಿರುತ್ತಾರೆ. ಮಾತಿಲ್ಲ, ಕತೆಯಿಲ್ಲ. ಒಬ್ಬ ತಲೆ ತೂಗುತ್ತಾನೆ, ಇನ್ನೊಬ್ಬಳು ಕಣ್ಣು ಮುಚ್ಚಿ ಏನನ್ನೋ ಗೊಣಗುತ್ತಾಳೆ. ಹೊಸಬರು ನೋಡಿದರೆ ಊರಿಗೆ ಏನೋ ಗಾಳಿ ಸೋಕಿದೆ ಎಂದುಕೊಳ್ಳಬೇಕು. ಹತ್ತಿರ ಹೋದರೆ ಗುಟ್ಟು ತಿಳಿಯುತ್ತದೆ. ಕೆಲವರ ಕಿವಿಯಿಂದ ಬಿಳಿಯ ದಾರ ಇಳಿಬಿದ್ದಿದೆ, ಕೆಲವರ ಕತ್ತಿನ ಸುತ್ತ ಕಪ್ಪು ಪಟ್ಟಿಯಿದೆ, ಇನ್ನು ಕೆಲವರ ಕಿವಿಯೊಳಗೆ ಹುರುಳಿಕಾಳು ಊದಿದಂಥ ಏನೋ ಒಂದು ಕೂತಿದೆ.

ನನ್ನ ಅಕ್ಕನ ಮಗಳೂ ಈ ಸಾಲಿನಲ್ಲಿ ನಿಲ್ಲುವವಳು. ದ್ವಿತೀಯ ಪಿಯುಸಿ. ಅವರ ಮನೆ ಡಾಂಬರು ರಸ್ತೆಯಿಂದ ಒಳಕ್ಕೆ, ಕಾಫಿ ತೋಟಗಳ ನಡುವಿನ ಮಣ್ಣು ಹಾದಿಯಲ್ಲಿ ಸುಮಾರು ಎರಡು ಕಿಲೋಮೀಟರ್. ಕಳೆದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಮನೆಯಲ್ಲಿ ಸಣ್ಣದೊಂದು ಯುದ್ಧವೇ ನಡೆದಿತ್ತು.

"ಮಾವ, ನೀವೇ ಹೇಳಿ. ಎರಡು ಸಾವಿರದೊಳಗೆ ಒಳ್ಳೆ ಹೆಡ್‌ಫೋನ್ ಯಾವುದು? ಬಸ್ಸಿನಲ್ಲಿ ಹೋಗ್ತಾ ಬರ್ತಾ ಒಂದೂವರೆ ಗಂಟೆ ಸುಮ್ನೆ ಹೋಗುತ್ತೆ. ಪಾಠ ಕೇಳಬಹುದಲ್ವಾ?" ಎಂದು ಅವಳು.

"ಪಾಠವೋ ಪದವೋ ದೇವರಿಗೇ ಗೊತ್ತು" ಎಂದು ಭಾವ ಒಳಗಿನಿಂದಲೇ ಗುಡುಗಿದರು. "ಅದಲ್ಲ ಮಾರಾಯ, ಸಂಜೆ ಆರೂವರೆಗೆ ತೋಟದ ಹಾದಿಯಲ್ಲಿ ಒಬ್ಬಳೇ ಬರ್ತಾಳೆ. ಎರಡು ಕಿವಿಗೂ ಬೆಣೆ ಬಡಿದುಕೊಂಡು ಬಂದರೆ, ಎದುರಿಗೆ ಆನೆ ನಿಂತಿದ್ದು ಗೊತ್ತಾಗೋದು ಹೇಗೆ?"

ಮಗಳು ಹೇಳಿದ್ದೂ ಸರಿ. ಅಪ್ಪ ಹೇಳಿದ್ದೂ ಸರಿ. ಪೇಟೆಯ ಜಾಹೀರಾತುಗಳಲ್ಲಿ ಹೆಡ್‌ಫೋನಿನ ಬಗ್ಗೆ ನೂರು ಮಾತು ಇರುತ್ತದೆ. ಆದರೆ ಕಾಫಿ ತೋಟದ ಹಾದಿಯಲ್ಲಿ ನಡೆಯುವ ಹುಡುಗಿಗೆ ಯಾವುದು ಸರಿ ಎಂಬುದನ್ನು ಯಾರೂ ಬರೆದಂತಿಲ್ಲ. ಹಾಗಾಗಿ ಈ ಲೇಖನ.

ಕೊಡೆಯ ಕೆಳಗಿನ ಪಾಠಶಾಲೆ

ಮಲೆನಾಡಿನ ಅನೇಕ ಮನೆಗಳಿಗೆ ಇಯರ್‌ಫೋನ್ ಬಂದದ್ದು ಹಾಡಿಗಾಗಿ ಅಲ್ಲ, ಶಾಲೆಗಾಗಿ. 2020ರಲ್ಲಿ ಕೊರೋನಾ ಬಂದು ಶಾಲೆ ಕಾಲೇಜು ಮುಚ್ಚಿದಾಗ ಪಾಠಗಳೆಲ್ಲ ಮೊಬೈಲಿಗೆ ಬಂದವು. ಮೊಬೈಲ್ ಇದ್ದರೆ ಸಾಲದು, ಸಿಗ್ನಲ್ ಬೇಕು. ಸಿಗ್ನಲ್ ಇದ್ದದ್ದು ಗುಡ್ಡದ ನೆತ್ತಿಯಲ್ಲಿ, ರಸ್ತೆಯ ತಿರುವಿನಲ್ಲಿ, ಯಾರದೋ ತೋಟದ ಬೇಲಿಯ ಪಕ್ಕದಲ್ಲಿ. ಮಕ್ಕಳು ಅಲ್ಲಿ ಹೋಗಿ ಕೂತರು. 2021ರ ಜೂನ್‌ನಲ್ಲಿ ಪಕ್ಕದ ಜಿಲ್ಲೆಯ ಸುಳ್ಯ ತಾಲ್ಲೂಕಿನಿಂದ ಒಂದು ಚಿತ್ರ ಬಂದು ದೇಶವೆಲ್ಲ ನೋಡಿತು: ಸುರಿವ ಮಳೆಯಲ್ಲಿ ರಸ್ತೆಬದಿ ಕೂತು ಪಾಠ ಕೇಳುತ್ತಿರುವ ಮಗಳು, ಅವಳ ತಲೆಗೆ ಕೊಡೆ ಹಿಡಿದು ನಿಂತ ಅಪ್ಪ. ಬಯಲಿನಲ್ಲಿ ಕೂತು ಕೇಳುವುದು ಇಲ್ಲಿಯ ಮಕ್ಕಳಿಗೆ ಶೋಕಿಯಾಗಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಘಟನೆ. ಸಾರಿಗೆ ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರ್ ಹಾಕಿ ಗಟ್ಟಿಯಾಗಿ ಹಾಡು, ವಿಡಿಯೊ ಹಚ್ಚುವುದನ್ನು ನಿರ್ಬಂಧಿಸಬೇಕೆಂದು ಹೈಕೋರ್ಟ್ ಹೇಳಿತು. ಕೆಎಸ್‌ಆರ್‌ಟಿಸಿ ಸುತ್ತೋಲೆ ಹೊರಡಿಸಿತು. ಬೇರೆಯವರ ಕಿವಿಗೆ ತೊಂದರೆ ಕೊಡದೆ ಕೇಳಬೇಕೆಂದರೆ ನಮ್ಮ ಕಿವಿಗೇ ಏನಾದರೂ ಹಾಕಿಕೊಳ್ಳಬೇಕು. ಹೀಗಾಗಿ ಇದು ಬೇಡ ಎನ್ನುವ ಕಾಲ ದಾಟಿತು. ಯಾವುದು, ಎಲ್ಲಿ, ಎಷ್ಟು ಹೊತ್ತು ಎಂಬುದಷ್ಟೇ ಉಳಿದ ಪ್ರಶ್ನೆ.

ವಾಕ್‌ಮನ್ ಕಂಡ ಕನಸು

ನಡೆಯುತ್ತ ಕೇಳುವ ಹವ್ಯಾಸ ಹುಟ್ಟಿದ್ದು 1979ರ ಜುಲೈ 1ರಂದು ಎನ್ನಬಹುದು. ಅಂದು ಜಪಾನಿನ ಸೋನಿ ಕಂಪನಿ ತನ್ನ ಮೊದಲ ವಾಕ್‌ಮನ್ ಮಾರಾಟಕ್ಕೆ ಬಿಟ್ಟಿತು. ಬೆಲೆ 33 ಸಾವಿರ ಯೆನ್. ಕ್ಯಾಸೆಟ್ ಪ್ಲೇಯರಿಗಿಂತ ದೊಡ್ಡ ಸಾಹಸ ಅದರ ಜೊತೆಗೆ ಕೊಟ್ಟ ಹೆಡ್‌ಫೋನು. ಅಲ್ಲಿಯವರೆಗೆ ಹೆಡ್‌ಫೋನ್ ಎಂದರೆ ತಲೆಗೆ ಹೊರುತ್ತಿದ್ದ ಹೊರೆ. ಸೋನಿಯವರದು ತೆಳ್ಳಗಿನ ಉಕ್ಕಿನ ಪಟ್ಟಿ, ಎರಡು ತುದಿಗೆ ಸ್ಪಂಜಿನ ದಿಂಬು, ತೂಕ 50 ಗ್ರಾಮಿಗೂ ಕಡಿಮೆ. ತೊಂಬತ್ತರ ದಶಕದಲ್ಲಿ ಕಾಲೇಜು ಓದಿದ ತಂದೆ ತಾಯಂದಿರಿಗೆ ಆ ಕಿತ್ತಳೆ ಬಣ್ಣದ ಸ್ಪಂಜು ನೆನಪಿರಲೇಬೇಕು. ಬೆಂಗಳೂರಿಗೆ ಹೋದವರು ತಂದುಕೊಡುತ್ತಿದ್ದರು. ಒಂದು ವಾರ ಇಡೀ ಹಾಸ್ಟೆಲ್ ಸರದಿಯಲ್ಲಿ ಹಾಕಿಕೊಂಡ ಮೇಲೆ ಸ್ಪಂಜು ಮಾತ್ರ ಮಾಯವಾಗುತ್ತಿತ್ತು.

ಆ ಮೊದಲ ವಾಕ್‌ಮನ್‌ನಲ್ಲಿ ಈಗ ಯಾರಿಗೂ ನೆನಪಿಲ್ಲದ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಹಾಡಿನ ದನಿ ಇಳಿದು, ಪೆಟ್ಟಿಗೆಯೊಳಗಿನ ಮೈಕಿನ ಮೂಲಕ ಹೊರಗಿನವರ ಮಾತು ಕಿವಿಗೆ ಬರುತ್ತಿತ್ತು. ಎರಡು ಹೆಡ್‌ಫೋನ್ ಸಿಕ್ಕಿಸಲು ಎರಡು ತೂತುಗಳೂ ಇದ್ದವು. ಒಬ್ಬನೇ ಕಿವಿ ಮುಚ್ಚಿಕೊಂಡು ಕೇಳುವುದು ಅಸಭ್ಯವಾದೀತೆಂದು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗೆ ಅಳುಕಿತ್ತಂತೆ. ಜನ ಕ್ಯಾರೇ ಎನ್ನಲಿಲ್ಲ. ಒಬ್ಬೊಬ್ಬರೇ ಕೇಳಿದರು. ಆಮೇಲಿನ ಮಾದರಿಗಳಲ್ಲಿ ಆ ಗುಂಡಿ ಹೋಯಿತು. ನಾಲ್ಕು ದಶಕ ಕಳೆದ ಮೇಲೆ ಅದೇ ಗುಂಡಿ "ಟ್ರಾನ್ಸ್‌ಪರೆನ್ಸಿ ಮೋಡ್" ಎಂಬ ಹೊಸ ಹೆಸರಿನಲ್ಲಿ, ಹೊಸ ಬೆಲೆಯಲ್ಲಿ ವಾಪಸು ಬಂದಿದೆ! ಭಾವ ಕೇಳಿದ್ದೂ ಅದನ್ನೇ: ಹೊರಗಿನದು ಕೇಳಬೇಕಲ್ಲ?

ಆನೆಗೆ ಹೆಜ್ಜೆ ಸಪ್ಪಳವಿಲ್ಲ

ಭಾವನ ಮಾತನ್ನು ಪೇಟೆಯವರು ನಕ್ಕು ತಳ್ಳಿಹಾಕಬಹುದು. ಮೂಡಿಗೆರೆ, ಆಲ್ದೂರು ಕಡೆಯವರು ನಗುವುದಿಲ್ಲ. ಕಾಡಾನೆಗಳ ಹಾವಳಿ ಇಲ್ಲಿ ಎಷ್ಟು ಮುಟ್ಟಿದೆಯೆಂದರೆ ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರು ಈ ನಾಲ್ಕು ಜಿಲ್ಲೆಗಳಿಗೆಂದೇ ಸರ್ಕಾರ 2022ರಲ್ಲಿ ಆನೆ ಕಾರ್ಯಪಡೆ ರಚಿಸಬೇಕಾಯಿತು. 2023ರ ನವೆಂಬರ್‌ನಲ್ಲಿ ಆಲ್ದೂರು ಬಳಿ ತೋಟದ ಕೆಲಸಕ್ಕೆ ಹೊರಟಿದ್ದ ಕಾರ್ಮಿಕ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದರು. 2024ರಲ್ಲಿ ಬೀಟಮ್ಮ ಎಂದು ಕರೆಯುವ ಹೆಣ್ಣಾನೆಯ ಹಿಂಡು ಚಿಕ್ಕಮಗಳೂರಿನ ಸುತ್ತಲ ಹಳ್ಳಿಗಳಲ್ಲಿ ಸುಳಿದಾಡಿ ನಿದ್ದೆ ಕೆಡಿಸಿತ್ತು. ಆನೆ ಎಲ್ಲಿದೆ ಎಂಬ ಸಂದೇಶ ಈಗ ಮೊಬೈಲಿಗೆ ಬರುತ್ತದೆ, ನಿಜ. ಆದರೆ ಸಿಗ್ನಲ್ ಇಲ್ಲದ ಹಾದಿಯಲ್ಲಿ ಸಂದೇಶ ಬರುವುದು ಮನೆ ಮುಟ್ಟಿದ ಮೇಲೆ.

ಆನೆ ನಡೆದರೆ ಧಡ್ ಧಡ್ ಎಂದು ಭೂಮಿ ನಡುಗುತ್ತದೆ ಎಂದು ನಾವು ಸಿನಿಮಾ ನೋಡಿ ತಿಳಿದಿದ್ದೇವೆ. ಹಾಗೇನಿಲ್ಲ. ಅದರ ಅಂಗಾಲಿನಲ್ಲಿ ದಪ್ಪನೆಯ ಮೆತ್ತೆಯಿದೆ. ಇಡೀ ಹಿಂಡು ಹತ್ತಿರದಲ್ಲೇ ಹಾದುಹೋದರೂ ಗೊತ್ತಾಗದೆ ಹೋಗಬಹುದು. ಅವು ತಮ್ಮತಮ್ಮಲ್ಲಿ ಮಾತಾಡುವ ಗುಡುಗುಟ್ಟುವ ದನಿಯಲ್ಲಿ ಬಹುಪಾಲು ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನದು. ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಇದನ್ನು ಮೊದಲು ಗುರುತಿಸಿದರು. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ "20 ಹರ್ಟ್ಸ್‌ನಿಂದ 20,000 ಹರ್ಟ್ಸ್" ಎಂದು ಬರೆದಿರುತ್ತದಲ್ಲ, ಅದು ಮನುಷ್ಯನ ಕಿವಿಯ ಎಲ್ಲೆ. ಆನೆಯ ಮಾತು ಆ 20ಕ್ಕೂ ಕೆಳಗಿಳಿಯುತ್ತದೆ. ನಮಗೆ ಸಿಗುವುದು ಕೊಂಬೆ ಲಟಕ್ಕೆಂದದ್ದು, ಬೈನೆ ಮರ ಸೀಳಿದ್ದು, ದೂರದ ಲೈನಿನಲ್ಲಿ ನಾಯಿ ಒಂದೇ ಸಮನೆ ಬೊಗಳಿದ್ದು ಅಷ್ಟೆ. ಇಷ್ಟು ಸಣ್ಣ ಸುಳಿವನ್ನು ಹಿಡಿಯಬೇಕಾದ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಂಡು ಹೊರಟರೆ ಹೇಗೆ?

ಆನೆಯಿಲ್ಲದ ಊರಿನಲ್ಲೂ ಮಾತು ಇದೇ. ಅಮೆರಿಕದಲ್ಲಿ 2004ರಿಂದ 2011ರವರೆಗೆ ಹೆಡ್‌ಫೋನ್ ಹಾಕಿ ನಡೆಯುವಾಗ ವಾಹನ ಬಡಿದು ಸತ್ತ ಅಥವಾ ಗಾಯಗೊಂಡ 116 ಪ್ರಕರಣಗಳನ್ನು ವೈದ್ಯರ ತಂಡವೊಂದು ಕಲೆಹಾಕಿತ್ತು. ಅರ್ಧಕ್ಕಿಂತ ಹೆಚ್ಚಿನವರಿಗೆ ಬಡಿದದ್ದು ರೈಲು. ರೈಲಿನಷ್ಟು ದೊಡ್ಡದು, ರೈಲಿನಷ್ಟು ಗದ್ದಲದ್ದು ಕೇಳಲಿಲ್ಲವೆಂದರೆ, ತಿರುವಿನಲ್ಲಿ ಹಾರ್ನ್ ಹೊಡೆಯದೆ ಬರುವ ಪಿಕಪ್ ಜೀಪು ಯಾವ ಲೆಕ್ಕ.

ಬಸ್ಸಿನಲ್ಲಿ ಲೆಕ್ಕವೇ ಬೇರೆ

ಹಾಗಾದರೆ ಕಿವಿ ಮುಚ್ಚದ, ಸ್ಪಂಜಿನ ಹಳೇ ಮಾದರಿಯದೇ ಒಳ್ಳೆಯದು ಎಂದು ತೀರ್ಮಾನಿಸಿ ನಾನು ಗೆದ್ದವನಂತೆ ಅಕ್ಕನ ಮಗಳಿಗೆ ಹೇಳಿದೆ. ಅವಳು ಒಂದೇ ಮಾತಿನಲ್ಲಿ ನನ್ನನ್ನು ಕೆಡವಿದಳು: "ಮಾವ, ನೀವು ನಮ್ಮ ಬಸ್ಸಿಗೆ ಹತ್ತಿದ್ದೀರಾ?"

ಮಾರನೆಯ ದಿನ ಹತ್ತಿದೆ. ಇಂಜಿನ್ನಿನ ಪಕ್ಕದ ಸೀಟು. ಏರಿನಲ್ಲಿ ಎರಡನೇ ಗೇರಿಗೆ ಬಿದ್ದಾಗ ಕಿಟಕಿಯ ಗಾಜುಗಳೆಲ್ಲ ಗಡಗಡ ನಡುಗಿದವು. ಇಂಥ ಬಸ್ಸಿನೊಳಗೆ ಗದ್ದಲ 80 ಡೆಸಿಬೆಲ್ ಆಸುಪಾಸಿಗೆ ಸುಲಭವಾಗಿ ಹೋಗುತ್ತದೆ. ಸ್ಪಂಜಿನದನ್ನು ಹಾಕಿದರೆ ಅಷ್ಟೂ ಗದ್ದಲ ನೇರ ಒಳಗೆ. ಅದನ್ನು ಮೀರಿ ಪಾಠ ಕೇಳಬೇಕೆಂದರೆ ದನಿಯನ್ನು 90ರವರೆಗೆ ಏರಿಸಬೇಕು. ಅಪಾಯ ಇರುವುದು ಇಲ್ಲಿ.

ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಪುಟ್ಟ ಅಂಗವಿದೆ. ಅದರ ಒಳಗೋಡೆಯಲ್ಲಿ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದದ ಅಲೆಗೆ ಅವು ಗದ್ದೆಯ ಪೈರಿನಂತೆ ಬಾಗುತ್ತವೆ, ಏಳುತ್ತವೆ. ಜೋರು ಗಾಳಿಗೆ ಪೈರು ಮಲಗಿದರೆ ಮರುದಿನ ಎದ್ದೀತು. ದಿನವೂ ಬಿರುಗಾಳಿ ಬೀಸಿದರೆ ಏಳುವುದಿಲ್ಲ. ಪೈರನ್ನಾದರೂ ಮುಂದಿನ ವರ್ಷ ನೆಡಬಹುದು; ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ನೋವೂ ಆಗುವುದಿಲ್ಲವಾದ್ದರಿಂದ ಹದಿನೇಳರಲ್ಲಿ ಕಳೆದುಕೊಂಡದ್ದು ಗೊತ್ತಾಗುವುದು ಮೂವತ್ತೈದರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜೊತೆಗೂಡಿ ಒಂದು ಮಾನದಂಡ ಕೊಟ್ಟಿದೆ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗಾದರೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ದನಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ವಿದ್ಯಾರ್ಥಿಗಳೇ ಮುಂದಿನ ಲೆಕ್ಕ ಮಾಡಿಕೊಳ್ಳಬಹುದು. ನೂರರ ಹತ್ತಿರ ಹೋದರೆ ಇಡೀ ವಾರಕ್ಕೆ ಇಪ್ಪತ್ತು ನಿಮಿಷವಷ್ಟೇ ಉಳಿಯುತ್ತದೆ. ಅಂದರೆ ನಾಲ್ಕೈದು ಹಾಡು! ದಿನಕ್ಕೆ ಒಂದೂವರೆ ಗಂಟೆಯಂತೆ ವಾರದಲ್ಲಿ ಆರು ದಿನ ಬಸ್ಸಿನಲ್ಲಿ ಕೇಳುವ ನಮ್ಮ ಹುಡುಗಿ 90ರಲ್ಲಿ ಕೇಳಿದರೆ ತನ್ನ ಪಾಲಿನ ಎರಡು ಪಟ್ಟು ಖರ್ಚು ಮಾಡಿದಂತೆ.

ಆದ್ದರಿಂದ ಬಸ್ಸಿನಲ್ಲಿ ಬೇಕಾದದ್ದು ಕಿವಿಯನ್ನು ಸರಿಯಾಗಿ ಮುಚ್ಚುವಂಥದ್ದೇ. ತುದಿಗೆ ಸಿಲಿಕೋನಿನ ಮೃದು ಟೊಪ್ಪಿ ಇರುವ ಸಾಧಾರಣ ಇಯರ್‌ಫೋನ್ ಕಿವಿಯಲ್ಲಿ ಹದವಾಗಿ ಕೂತರೆ ಹೊರಗಿನ ಗದ್ದಲವನ್ನು 15-20 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಆಗ ದನಿಯನ್ನು ಅರ್ಧಕ್ಕೆ ಇಟ್ಟರೂ ಪಾಠ ಸ್ಪಷ್ಟವಾಗಿ ಕೇಳುತ್ತದೆ. ಪೆಟ್ಟಿಗೆಯಲ್ಲಿ ಮೂರು ಅಳತೆಯ ಟೊಪ್ಪಿ ಕೊಟ್ಟಿರುತ್ತಾರೆ. ನೂರಕ್ಕೆ ತೊಂಬತ್ತು ಮಂದಿ ಅದರಲ್ಲಿ ಹಾಕಿಕೊಟ್ಟದ್ದನ್ನೇ ಹಾಕಿಕೊಂಡು ಉಳಿದದ್ದನ್ನು ಎಸೆಯುತ್ತಾರೆಂದು ನನ್ನ ಗುಮಾನಿ. ಎಸೆಯಬೇಡಿ. ಮೂರನ್ನೂ ಹಾಕಿ ನೋಡಿ. ಎಡಕಿವಿಗೆ ಒಂದು ಅಳತೆ, ಬಲಕ್ಕೆ ಇನ್ನೊಂದು ಸರಿಹೋಗುವುದೂ ಉಂಟು. ಟೊಪ್ಪಿ ಸಡಿಲವಾದರೆ ತಗ್ಗಿನ ದನಿಗಳೆಲ್ಲ ಸೋರಿಹೋಗಿ, ಒಳ್ಳೆಯ ಇಯರ್‌ಫೋನೂ ತಗಡಿನ ಡಬ್ಬದಂತೆ ಕೇಳುತ್ತದೆ.

ಇತ್ತೀಚೆಗೆ "ನಾಯ್ಸ್ ಕ್ಯಾನ್ಸಲಿಂಗ್" ಎಂಬ ಸೌಲಭ್ಯ ಎರಡು ಮೂರು ಸಾವಿರದ ಮಾಲಿಗೂ ಬಂದಿದೆ. ಹೊರಗಿನ ಶಬ್ದವನ್ನು ಪುಟ್ಟ ಮೈಕು ಆಲಿಸಿ, ಅದಕ್ಕೆ ನೇರ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಎರಡನ್ನೂ ವಜಾ ಮಾಡಿಬಿಡುತ್ತದೆ. ಇಂಜಿನ್ನಿನ ಗುಂಯ್‌ಗುಟ್ಟುವ ಏಕತಾನದ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬಸ್ಸಿನೊಳಗೆ ಅದು ವರ. ರಸ್ತೆಯಲ್ಲಿ ಅದೇ ಶಾಪ. ಹಿಂದಿನಿಂದ ಬರುವ ಲಾರಿಯ ದನಿಯೂ ಅದೇ ಗುಂಯ್ ತಾನೆ? ಅದನ್ನೇ ಮೊದಲು ಅಳಿಸುತ್ತದೆ. ಹೊರಗಿನದನ್ನು ಕೇಳಿಸುವ ಟ್ರಾನ್ಸ್‌ಪರೆನ್ಸಿ ಮೋಡ್ ಇದೆಯಲ್ಲ ಎನ್ನಬಹುದು. ಅಗ್ಗದ ಮಾದರಿಗಳಲ್ಲಿ ಗಾಳಿ ಬೀಸಿದರೆ ಆ ಮೈಕಿನಲ್ಲಿ ಕೇಳುವುದು ಭರ್ ಎಂಬ ಗಾಳಿಯೊಂದೇ.

ದಾರ ಇರಲಿ ಎಂದವನು ನಾನು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಗೆ ನಾವಿಬ್ಬರೂ ಹೋದೆವು. ಗಾಜಿನ ಕಪಾಟಿನಲ್ಲಿ ಸಾಲುಸಾಲು. ದಾರವುಳ್ಳದ್ದು ಮುನ್ನೂರರಿಂದ ಆರುನೂರು, ಕತ್ತಿಗೆ ಹಾಕುವ ನೆಕ್‌ಬ್ಯಾಂಡ್ ಎಂಟುನೂರರಿಂದ ಒಂದೂವರೆ ಸಾವಿರ, ದಾರವೇ ಇಲ್ಲದ ಇಯರ್‌ಬಡ್ ಸಾವಿರದಿಂದ ಮೇಲಕ್ಕೆ. ಅಂಗಡಿಯ ಹುಡುಗ ಸ್ವಾಭಾವಿಕವಾಗಿ ಇಯರ್‌ಬಡ್ ಡಬ್ಬಿಯನ್ನೇ ಮುಂದೆ ತಳ್ಳಿದ. ಅಕ್ಕನ ಮಗಳ ಕಣ್ಣೂ ಅಲ್ಲೇ.

ನನಗೆ ಅದರ ಮೇಲೆ ಸ್ವಂತದ ಸಿಟ್ಟಿದೆ. ಎರಡು ವರ್ಷದ ಹಿಂದೆ ಇದೇ ತೋಟದಲ್ಲಿ ಬಗ್ಗಿ ಜಿಗಣೆ ಕೀಳುವಾಗ ನನ್ನ ಬಲಕಿವಿಯದು ಉದುರಿಬಿತ್ತು. ಕಾಫಿಗಿಡದ ಬುಡದಲ್ಲಿ ಒಂದು ಅಡಿ ತರಗೆಲೆ. ಮೂವರು ಅರ್ಧ ಗಂಟೆ ಹುಡುಕಿದೆವು. ಆ ಕಪ್ಪು ಕಾಳು ಈಗಲೂ ಅಲ್ಲೇ ಗೊಬ್ಬರವಾಗದೆ ಬಿದ್ದಿರಬೇಕು. ಇನ್ನುಳಿದ ಒಂದಕ್ಕೆ ಜೋಡಿ ಕೇಳಿದರೆ, ಹೊಸದನ್ನೇ ಕೊಳ್ಳುವುದು ಲಾಭವೆಂಬ ಉತ್ತರ ಬಂತು. ಅಷ್ಟೇ ಅಲ್ಲ, ಇಷ್ಟು ಚಿಕ್ಕ ಬ್ಯಾಟರಿಗಳ ಆಯುಸ್ಸು ಸಾಮಾನ್ಯವಾಗಿ ಎರಡು ಮೂರು ವರ್ಷ; ಬದಲಾಯಿಸಲು ಬರುವಂತೆ ಅವನ್ನು ಮಾಡಿರುವುದಿಲ್ಲ. ದಾರವಿಲ್ಲದ್ದೇ ಬೇಕೆಂದರೆ ಹಳ್ಳಿಯ ಹಾದಿಗೆ ನೆಕ್‌ಬ್ಯಾಂಡ್ ವಾಸಿ. ಕಿವಿಯಿಂದ ಜಾರಿದರೂ ಕತ್ತಿನಲ್ಲಿ ಉಳಿಯುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ಹತ್ತಾರು ಗಂಟೆ ಬರುತ್ತದೆ.

ಆದರೂ ವಿದ್ಯಾರ್ಥಿಗೆ ನನ್ನ ಮೊದಲ ಓಟು ದಾರದ ಇಯರ್‌ಫೋನಿಗೇ. ಅಕ್ಕನ ಮಗಳಿಗೆ ಇದು ಅಜ್ಜನ ಕಾಲದ ಮಾತಿನಂತೆ ಕೇಳಿತು. ಕಾರಣ ಹೇಳಿದೆ. ಆಷಾಢದಲ್ಲಿ ಗಾಳಿ ಮಳೆ ಹಿಡಿದರೆ ಇಲ್ಲಿ ಕರೆಂಟ್ ಹೋಗಿ ಎರಡು ಮೂರು ದಿನ ಬರುವುದಿಲ್ಲ. ಮೊಬೈಲಿಗೇ ಚಾರ್ಜಿಲ್ಲದಾಗ ಕಿವಿಯ ಕಾಳಿಗೆ ಎಲ್ಲಿಂದ ತರುವುದು? ದಾರದ್ದಕ್ಕೆ ಚಾರ್ಜ್ ಬೇಡ. ಜಾಕಿನ ಬುಡದಲ್ಲಿ ತಂತಿ ತುಂಡಾದರೆ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿಕೊಳ್ಳಬಹುದು. ಕಳೆದರೆ ಹೋಗುವುದು ನಾಲ್ಕುನೂರು ರೂಪಾಯಿ. ಉಳಿದ ಹಣದಲ್ಲಿ ಸ್ಪಂಜಿನದೊಂದನ್ನೂ ಕೊಳ್ಳಬಹುದು.

ಕೊಳ್ಳುವ ಮುಂಚೆ ಮೊಬೈಲಿನ ತೂತು ನೋಡಿಕೊಳ್ಳಿ. ಈಗಿನ ಹಲವು ಫೋನುಗಳಲ್ಲಿ 3.5 ಮಿಲಿಮೀಟರಿನ ಹಳೆಯ ಜಾಕ್ ಇಲ್ಲ. 2016ರಲ್ಲಿ ಆ್ಯಪಲ್ ಕಂಪನಿ ತನ್ನ ಐಫೋನ್ 7ರಿಂದ ಅದನ್ನು ಕಿತ್ತುಹಾಕಿದ ಮೇಲೆ ಮಿಕ್ಕವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಚಾರ್ಜ್ ಮಾಡುವ ಟೈಪ್-ಸಿ ತೂತಿಗೇ ಸಿಕ್ಕಿಸುವ ಇಯರ್‌ಫೋನ್ ಕೊಳ್ಳಬೇಕು, ಇಲ್ಲವೇ ಒಂದು ಅಡಾಪ್ಟರ್. ಅಡಾಪ್ಟರ್ ಎಲ್ಲ ಒಂದೇ ಅಲ್ಲ; ಕೆಲವದರೊಳಗೆ ದನಿ ಹುಟ್ಟಿಸುವ ಚಿಪ್ ಇರುತ್ತದೆ, ಕೆಲವದರಲ್ಲಿ ಬರೀ ತಂತಿ. ಬರೀ ತಂತಿಯದು ಎಲ್ಲ ಫೋನಿಗೂ ಹಾಡುವುದಿಲ್ಲ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಸಿಕ್ಕಿಸಿ ನೋಡದೆ ದುಡ್ಡು ಕೊಡಬೇಡಿ. ಹಳೆಯ ಜಾಕಿನ ಲೋಹದ ಕಡ್ಡಿಯ ಮೇಲೆ ಮೂರು ಗೆರೆ ಇದ್ದರೆ ಮೈಕ್ ಇದೆಯೆಂದು ಅರ್ಥ, ಎರಡೇ ಇದ್ದರೆ ಕೇಳಲು ಮಾತ್ರ.

ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಮರುಳಾಗುವುದು ಬೇಡ. 10 ಮಿಲಿಮೀಟರ್ ಡ್ರೈವರ್ 8ರದ್ದಕ್ಕಿಂತ ಮೇಲು ಎಂಬ ನಿಯಮವೇನಿಲ್ಲ. ಓಮ್ ಎಂಬ ಅಂಕಿ 16 ಅಥವಾ 32 ಇದ್ದರೆ ಮೊಬೈಲಿಗೆ ಸಾಕು. "ಎಕ್ಸ್‌ಟ್ರಾ ಬಾಸ್" ಎಂದು ದಪ್ಪಕ್ಷರದಲ್ಲಿ ಬರೆದದ್ದು ಪಾಠ ಕೇಳುವವರಿಗೆ ಬೇಡವೇ ಬೇಡ. ಟೆಲಿಫೋನಿನವರು ಮನುಷ್ಯನ ಮಾತನ್ನು ಅರ್ಥವಾಗುವಂತೆ ಮುಟ್ಟಿಸಲು 300ರಿಂದ 3,400 ಹರ್ಟ್ಸ್ ಸಾಕೆಂದು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಡಬ್ ಡಬ್ ಎನ್ನುವ ಬಾಸು ಮೇಷ್ಟರ ಮಾತನ್ನು ಮಂಕಾಗಿಸುತ್ತದೆ, ಅಷ್ಟೆ. ಕೇಳಿ ನೋಡಲು ಅಂಗಡಿಯವರು ಹಚ್ಚುವ ಡಿಸ್ಕೊ ಹಾಡು ಬೇಡ. ನಿಮಗೆ ಬಾಯಿಪಾಠವಿರುವ ಒಂದು ಭಾವಗೀತೆ, ಒಂದು ಪಾಠದ ತುಣುಕು ಒಯ್ಯಿರಿ. ಭಾವಗೀತೆಯಲ್ಲಿ ಕೊಳಲೂ ದನಿಯೂ ಬೇರೆ ಬೇರೆಯಾಗಿ ಕೇಳಿದರೆ, ಕಡಿಮೆ ದನಿಯಲ್ಲೂ ಪ್ರತಿ ಅಕ್ಷರ ತಿಳಿದರೆ ಮಾಲು ಚೆನ್ನಾಗಿದೆ. ಕೇಳುತ್ತಿರುವಾಗಲೇ ಜಾಕಿನ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ. ಕರಕರ ಎಂದರೆ ವಾಪಸು ಕೊಡಿ.

ದಾರವಿಲ್ಲದ್ದಾದರೆ ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು, ಅದು ಕಡ್ಡಾಯ. ಬಿಲ್ಲನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಶಾಯಿ ಆರು ತಿಂಗಳಿಗೆ ಮಾಸಿಹೋಗುತ್ತದೆ, ವಾರಂಟಿ ಒಂದು ವರ್ಷದ್ದು! ವಾರಂಟಿಯಲ್ಲಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಕೆನ್ನೆಯ ಮೂಳೆಯ ಮೂಲಕ ದನಿ ಮುಟ್ಟಿಸುವ, ಕಿವಿಯ ತೂತನ್ನು ಪೂರ್ತಿ ತೆರೆದೇ ಬಿಡುವ ಹೆಡ್‌ಫೋನೂ ಇದೆ. ಓಡುವವರು, ಸೈಕಲ್ ತುಳಿಯುವವರು ಇಷ್ಟಪಡುತ್ತಾರೆ. ತೋಟದ ಹಾದಿಗೆ ಹೇಳಿ ಮಾಡಿಸಿದಂತಿದೆ. ಆದರೆ ಒಳ್ಳೆಯದು ಏಳೆಂಟು ಸಾವಿರಕ್ಕೆ ಕಡಿಮೆಯಿಲ್ಲ. ಅದೇ ಹೆಸರಿನಲ್ಲಿ ಸಾವಿರಕ್ಕೆ ಸಿಗುವುದರಲ್ಲಿ ಮೂಳೆಯೂ ಇಲ್ಲ ಮಣ್ಣೂ ಇಲ್ಲ. ಕಿವಿಯ ಪಕ್ಕ ಕೂರಿಸಿದ ಪುಟ್ಟ ಸ್ಪೀಕರ್ ಅಷ್ಟೆ.

ಜೂನ್‌ನಿಂದ ಸೆಪ್ಟೆಂಬರ್

ನಮ್ಮ ಕಡೆಯ ಮಳೆಗಾಲಕ್ಕೆ ಎರಡು ಮಾತು. ಪೆಟ್ಟಿಗೆಯ ಮೇಲೆ ಐಪಿಎಕ್ಸ್4 ಎಂದಿದ್ದರೆ ಎಲ್ಲ ಕಡೆಯಿಂದ ಸಿಡಿಯುವ ಹನಿಯನ್ನು ತಡೆದುಕೊಳ್ಳುತ್ತದೆ ಎಂದರ್ಥ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಚಾರ್ಜ್ ಮಾಡುವ ಡಬ್ಬಿಗೆ ಈ ರಕ್ಷಣೆ ಹೆಚ್ಚಾಗಿ ಇರುವುದಿಲ್ಲ. ಒದ್ದೆ ಕಾಳನ್ನು ಹಾಗೇ ಡಬ್ಬಿಗೆ ಹಾಕಿ ಚಾರ್ಜಿಗಿಟ್ಟು ಎರಡನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ.

ಇನ್ನೊಂದು ಕಿವಿಯದೇ ಸಂಗತಿ. ಮಳೆಯಲ್ಲಿ ನೆಂದು ಬಂದ ಒದ್ದೆ ಕಿವಿಗೆ ರಬ್ಬರ್ ಟೊಪ್ಪಿ ತುರುಕಿ ಗಂಟೆಗಟ್ಟಲೆ ಬಿಟ್ಟರೆ ಒಳಗೆ ಬೂಸ್ಟು ಹಿಡಿಯಲು ಇನ್ನೇನು ಬೇಕು? ತುರಿಕೆ, ಕಿವಿ ಕಟ್ಟಿದಂತಾಗುವುದು, ಸೋರುವುದು ಶುರುವಾದರೆ ಹರಳೆಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡದೆ ಕಿವಿ ವೈದ್ಯರಲ್ಲಿಗೆ ಹೋಗಿ. ಕಿವಿ ಒಣಗಿದ ಮೇಲೇ ಹಾಕಿಕೊಳ್ಳಿ. ವಾರಕ್ಕೊಮ್ಮೆ ಟೊಪ್ಪಿ ಕಳಚಿ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಗೆಳತಿಯದು ನೀನು, ನಿನ್ನದು ಗೆಳತಿ ಹಾಕಿಕೊಳ್ಳುವ ಸ್ನೇಹವನ್ನು ಸ್ಲೇಟು ಬಳಪಕ್ಕೆ ಬಿಟ್ಟುಕೊಡಿ. ಕೊಡೆಯ ಮೇಲೆ ಮಳೆ ಹೊಡೆಯುವಾಗ ಹಾಡು ಕೇಳದೆಂದು ದನಿ ಏರಿಸುವುದಕ್ಕಿಂತ ಮಳೆಯನ್ನೇ ಕೇಳಿಕೊಂಡು ನಡೆಯುವುದು ಮೇಲು.

ತಂದೆ ತಾಯಂದಿರು ಪರೀಕ್ಷಿಸಲು ಯಂತ್ರವೇನೂ ಬೇಡ. ಒಂದು ತೋಳಿನಷ್ಟು ದೂರ ನಿಂತು ಸಹಜ ದನಿಯಲ್ಲಿ ಮಾತಾಡಿಸಿ. ಹಾಡು ಓಡುತ್ತಿದ್ದಾಗ ಮಗುವಿಗೆ ಕೇಳಲೇ ಇಲ್ಲವೆಂದರೆ ದನಿ ಜಾಸ್ತಿಯಾಗಿದೆ. ತೆಗೆದ ಮೇಲೂ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತದೆ ಎಂದು ಹೇಳಿದರೆ ಅಸಡ್ಡೆ ಮಾಡಬೇಡಿ. ಬಹುತೇಕ ಫೋನುಗಳ ಸೆಟ್ಟಿಂಗ್‌ನಲ್ಲಿ ದನಿಗೆ ಮಿತಿ ಹಾಕುವ ಅನುಕೂಲವಿದೆ. ಮಕ್ಕಳನ್ನು ಕೂರಿಸಿಕೊಂಡೇ ಹಾಕಿ. ಕದ್ದು ಹಾಕಿದರೆ ಅವರು ಐದು ನಿಮಿಷದಲ್ಲಿ ಕದ್ದು ತೆಗೆಯುತ್ತಾರೆ.

ಅಂಗಡಿಯಿಂದ ನಾವು ಹೊರಬಿದ್ದಾಗ ಅಕ್ಕನ ಮಗಳ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಸಿಲಿಕೋನ್ ಟೊಪ್ಪಿಯ ದಾರದ ಇಯರ್‌ಫೋನ್ ಒಂದು, ಬಸ್ಸಿಗೆ. ಸ್ಪಂಜಿನ ಹಗುರ ಹೆಡ್‌ಫೋನ್ ಇನ್ನೊಂದು, ಮನೆಯ ಜಗಲಿಗೆ, ಕಣಕ್ಕೆ, ಹಗಲು ಹೊತ್ತಿನ ಹಾದಿಗೆ. ಎರಡೂ ಸೇರಿ ಅವಳ ಎರಡು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಬಸ್ಸಿಳಿದ ಮೇಲೆ, ಮುಸ್ಸಂಜೆಯ ತೋಟದ ಹಾದಿಯಲ್ಲಿ ಎರಡೂ ಚೀಲದೊಳಗೆ ಎಂಬುದು ಅಪ್ಪ ಮಗಳ ನಡುವಿನ ಒಪ್ಪಂದ. ಅದಕ್ಕೆ ಬದಲಾಗಿ ಬೆಳಗಿನ ಬಸ್ಸಿನಲ್ಲಿ ಅವಳು ಪಾಠ ಕೇಳುತ್ತಾಳೋ ಪದ ಕೇಳುತ್ತಾಳೋ ಎಂದು ಭಾವ ವಿಚಾರಿಸುವಂತಿಲ್ಲ.

ಅಂದು ಸಂಜೆ ಭಾವ ಜಗಲಿಯಲ್ಲಿ ಕೂತು ಸ್ಪಂಜಿನದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಹಾಸನ ಸ್ಟೇಷನ್ ಬರುತ್ತದಾ?" ಎಂದರು. ಅವರ ಫೋನಿನಲ್ಲಿ ಎಫ್‌ಎಂ ರೇಡಿಯೊ ಇತ್ತು. ಆದರೆ ಫೋನುಗಳಲ್ಲಿ ರೇಡಿಯೊಗೆ ಪ್ರತ್ಯೇಕ ಏರಿಯಲ್ ಇರುವುದಿಲ್ಲ. ಇಯರ್‌ಫೋನಿನ ದಾರವೇ ಏರಿಯಲ್. ಅದನ್ನು ಸಿಕ್ಕಿಸದೆ ಹಚ್ಚಿದರೆ ಫೋನು ಇಯರ್‌ಫೋನ್ ಜೋಡಿಸಿ ಎನ್ನುತ್ತದೆ. ಹಾಗಾಗಿ ಅವರ ಫೋನಿನ ರೇಡಿಯೊ ಕೊಂಡ ದಿನದಿಂದ ಮೂಕವಾಗಿ ಕೂತಿತ್ತು. ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಕೈಬಿಡಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿದ್ದು ಪ್ರವಾಹ, ಬಿರುಗಾಳಿಯಂಥ ಹೊತ್ತಿನಲ್ಲಿ ಟವರ್ ಸತ್ತರೂ ಜನಕ್ಕೆ ಸುದ್ದಿ ಮುಟ್ಟಲೆಂದು. ದಾರ ಸಿಕ್ಕಿಸಿ, ಮನೆಯ ಹಿಂದಿನ ದಿಬ್ಬ ಹತ್ತಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ ಮೇಲೆ 102.2ರಲ್ಲಿ ಮೊದಲು ಚರಚರ, ಆಮೇಲೆ ಹೆಂಗಸಿನ ದನಿ ಬಂತು.

"ಎಷ್ಟು ಕೊಟ್ಟಿರಿ ಇದಕ್ಕೆ?" ಎಂದು ಭಾವ ಗಟ್ಟಿಯಾಗಿ ಕೂಗಿ ಕೇಳಿದರು. ಕಿವಿಗೆ ಹೆಡ್‌ಫೋನ್ ಹಾಕಿದವರೆಲ್ಲ ಹಾಗೇ ತಾನೆ, ಕೂಗಿಯೇ ಮಾತಾಡುವುದು. ಬೆಲೆ ಹೇಳಿದೆ. ಮರುದಿನ ಬೆಳಿಗ್ಗೆ ಮಗಳು ಬಸ್ಸಿಗೆ ಹೊರಟಾಗ, ಅಂಥದೇ ಇನ್ನೊಂದು ತಾ ಎಂದು ಅವಳ ಕೈಗೆ ದುಡ್ಡು ಕೊಡುತ್ತಿದ್ದರು.